ತುಂಬಿದ ಬಸ್ಸು

"ಕೈ ಮೇಲೆತ್ತು ದೊಡ್ಡಮ್ಮಾ, ಕೈ! ಬಸ್ಸು ಬಂದೇಬಿಡ್ತು!"

"ಎತ್ತಿದೀನಲ್ಲೋ! ಇನ್ನೂ ಎಳೆದ್ರೆ ಕೈ ಕಿತ್ಕೊಂಡು ನಿನ್ನ ಹತ್ರಾನೇ ಉಳಿಯುತ್ತೆ. ಆಮೇಲೆ ಅದಕ್ಕೂ ಒಂದು ಅಂಗಿ ಹೊಲಿ."

ಟೇಲರು ತುಟಿಗಳ ನಡುವೆ ಕಚ್ಚಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು, ಮುದುಕಿಯ ಬೆನ್ನ ಹಿಂದೆ ಹಸಿರು ಗೌನಿನ ಹೆಚ್ಚಿನ ಬಟ್ಟೆಯನ್ನು ಮಡಚಿ ಮಡಚಿ ಸಿಕ್ಕಿಸುತ್ತಿದ್ದ. ಆ ಗೌನು ಹೊಲಿಯಲು ಕೊಟ್ಟಿದ್ದ ಹೆಂಗಸು ಎಷ್ಟು ದಪ್ಪವಿದ್ದಳೆಂದರೆ, ಟೇಪು ಹಿಡಿದು ಅವಳ ಸುತ್ತ ಅಳತೆಗೆ ಹೊರಟ ಟೇಲರು ಊಟದ ಹೊತ್ತಿಗೆ ಹೊರಟ ಜಾಗಕ್ಕೆ ಹಿಂತಿರುಗಿದ್ದ. ದೊಡ್ಡಮ್ಮನೋ, ಗಾಳಿ ಬೀಸುವ ದಿನಗಳಲ್ಲಿ ಜೇಬಿಗೆ ಕಲ್ಲು ತುಂಬಿಕೊಂಡು ಹೊರಗೆ ಕಾಲಿಡುವವಳು. ಒಂದೇ ಗೌನಿನೊಳಗೆ ಅವಳಂಥವರು ನಾಲ್ಕು ಮಂದಿ ಆರಾಮವಾಗಿ ಸಂಸಾರ ಮಾಡಬಹುದಿತ್ತು.

"ಈಗ ನಾನು ಯಾರು?" ಎಂದು ದೊಡ್ಡಮ್ಮ ಕನ್ನಡಿಯಲ್ಲಿ ತನ್ನನ್ನೇ ನೋಡುತ್ತ ಕೇಳಿದಳು.

"ಪಕ್ಕದೂರಿನ ಸಾಹುಕಾರರ ಹೆಂಡತಿ. ಪೇಟೆಗೆ ಹಲ್ಲು ಕೀಳಿಸೋಕೆ ಹೊರಟಿದೀಯ."

"ನನಗೆ ಹಲ್ಲೇ ಇಲ್ವಲ್ಲೋ!"

"ಅದಕ್ಕೇ ಬಾಯಿ ಮುಚ್ಕೊಂಡು ಕೂತ್ಕೋ."

ಮೂಲೆಯ ಸ್ಟೂಲಿನ ಮೇಲೆ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಟೇಲರನ ಹೆಂಡತಿ ನಕ್ಕಳು. ನಗುವಾಗ ಅವಳು ಪಕ್ಕೆಯನ್ನು ಒತ್ತಿ ಹಿಡಿದುಕೊಂಡದ್ದನ್ನು ನೋಡಿಯೂ ನೋಡದವನಂತೆ ಟೇಲರು ಉಳಿದ ಪಿನ್ನುಗಳನ್ನು ಡಬ್ಬಿಗೆ ಉದುರಿಸಿದ.

ಆ ಊರು ಹಾಗೇನೂ ಹುಟ್ಟಿನಿಂದಲೇ ಖಾಲಿಯಾಗಿರಲಿಲ್ಲ. ಹೆಂಚಿನ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿಯ ಬೀದಿಯಲ್ಲಿ ಒಂದು ಸೀನು ಸೀನಬೇಕಾದರೂ ಸರದಿ ಕಾಯಬೇಕಿತ್ತು. ಮೂಗು ಒರೆಸಿಕೊಳ್ಳಲು ಎತ್ತಿದ ಕೈ ಬೇರೆಯವರ ಮೂಗಿಗೆ ತಾಗುತ್ತಿತ್ತು. ಕಾರ್ಖಾನೆ ಮುಚ್ಚಿತು. ಕುಲುಮೆಯ ಹೊಗೆ ನಿಂತ ವರ್ಷ ಯುವಕರು ಹೋದರು, ಮರುವರ್ಷ ಅವರ ಹೆಂಡಿರು ಮಕ್ಕಳು ಹೋದರು, ಅದರ ಹಿಂದೆ ಶಾಲೆಯ ಗಂಟೆಯೂ ಯಾವುದೋ ಲಾರಿ ಹತ್ತಿ ಹೋಯಿತು. ಈಗ ಒಬ್ಬ ಸೀನಿದರೆ ಇಡೀ ಊರಿಗೆ ಕೇಳಿಸಿ, ಕೊನೆಯ ಮನೆಯವರೂ "ಯಾರಿಗೋ ನೆಗಡಿ ಪಾಪ" ಎಂದು ಮರುಗುವಷ್ಟು ನಿಶ್ಶಬ್ದ. ಉಳಿದದ್ದು ಮುಚ್ಚಿದ ಬಾಗಿಲುಗಳು, ಅಷ್ಟಿಷ್ಟು ಮಂದಿ, ಮತ್ತು ಊರ ಕೊನೆಯವರೆಗೂ ಬಂದು ಟೇಲರನ ಅಂಗಡಿಯ ಮುಂದೆಯೇ ತಿರುಗುತ್ತಿದ್ದ ಒಂದು ಪುಟ್ಟ ಬಸ್ಸು. ಆ ಬಸ್ಸಿನಲ್ಲಿ ಹಾರ್ನೊಂದನ್ನು ಬಿಟ್ಟು ಮಿಕ್ಕೆಲ್ಲವೂ ಗಡಗಡ ಎನ್ನುತ್ತಿತ್ತು. ಹಾರ್ನು ಮಾತ್ರ ಸ್ಮಶಾನದಲ್ಲಿ ಮಲಗಿದವರೂ ಮಗ್ಗುಲು ಬದಲಿಸುವಂತೆ ಕೂಗುತ್ತಿತ್ತು.

ಟೇಲರಿಗೆ ಊರಿನವರು ಇಟ್ಟ ಹೆಸರು ಸಾವಿರಣ್ಣ. ಅವನ ಬಾಯಲ್ಲಿ ಯಾವುದೂ ಸಾವಿರಕ್ಕಿಂತ ಕಡಿಮೆ ಇರುತ್ತಿರಲಿಲ್ಲ. ಅಂಗಡಿಗೆ ಇಬ್ಬರು ಗಿರಾಕಿ ಬಂದರೆ ಸಾವಿರ ಜನ ನುಗ್ಗಿದ್ದರು. ಚಹಾಕ್ಕೆ ಒಂದು ಇರುವೆ ಬಿದ್ದರೆ ಸಾವಿರ ಇರುವೆ ಈಜುತ್ತಿದ್ದವು. ಹೆಂಡತಿ ಹೊಲಿಗೆ ಬಿಚ್ಚುವವಳಂತೆ ಅವನ ಹಿಂದೆಯೇ ಬಂದು ಲೆಕ್ಕ ಬಿಚ್ಚುತ್ತಿದ್ದಳು. "ನಮ್ಮೋರು ಸಾವಿರ ಅಂದ್ರೆ ಹತ್ತು ಅಂತ ತಿಳ್ಕೊಳ್ಳಿ. ಹತ್ತು ಅಂದ್ರೆ ಅಲ್ಲಿ ಯಾರೂ ಇಲ್ಲ ಅಂತ." ಮದುವೆಯಾದಂದಿನಿಂದ ಈ ಕೆಲಸವನ್ನು ಅವಳು ಒಂದು ದಿನವೂ ತಪ್ಪಿಸಿರಲಿಲ್ಲ. ಅವನು ಬಿಡುತ್ತಿದ್ದ ಗಾಳಿಪಟದ ದಾರ ಅವಳ ಕೈಯಲ್ಲಿದ್ದುದರಿಂದಲೇ ಅವನು ಅಷ್ಟು ಎತ್ತರಕ್ಕೆ ಬಿಡುತ್ತಿದ್ದ.

ಸಾವಿರಣ್ಣ ಹಿಗ್ಗಿಸಿ ಹೇಳದೆ ಉಳಿಸಿದ್ದು ಒಂದೇ ಸಂಗತಿ. ಹೆಂಡತಿಯ ಮೂತ್ರಪಿಂಡಗಳೆರಡೂ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಪೇಟೆಯ ಆಸ್ಪತ್ರೆಯಲ್ಲಿ ಅವಳನ್ನು ಯಂತ್ರಕ್ಕೆ ಜೋಡಿಸಿ ರಕ್ತ ಸೋಸಿ ಕಳಿಸುತ್ತಿದ್ದರು. "ಡಯಾಲಿಸಿಸ್ ತಪ್ಪಿಸಬೇಡಿ," ಎಂದು ನರ್ಸಮ್ಮ ಮೊದಲ ದಿನವೇ ಅವನನ್ನು ಹೊರಗೆ ಕರೆದು ಹೇಳಿದ್ದಳು. "ಒಂದು ಸಲ ತಪ್ಪಿದ್ರೆ ಮೈಯೆಲ್ಲ ನೀರು. ಎರಡು ಸಲ ತಪ್ಪಿದ್ರೆ ಉಸಿರಾಡೋಕಾಗಲ್ಲ. ಆಮೇಲೆ ಇಲ್ಲಿಗೆ ತಂದೂ ಪ್ರಯೋಜನ ಇಲ್ಲ." ಬಾಡಿಗೆ ಕಾರಿಗೆ ವಾರಕ್ಕೆರಡು ಸಲ ಕೊಡುವ ತಾಕತ್ತು ಹೊಲಿಗೆ ಯಂತ್ರಕ್ಕಿರಲಿಲ್ಲ. ಬೈಕಿನ ಹಿಂದೆ ಕೂತರೆ ಅವಳಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಪೇಟೆಯಲ್ಲೊಂದು ಕೋಣೆ ಹಿಡಿಯೋಣವೆಂದರೆ, "ಯಾರದೋ ಗೋಡೆ ನೋಡ್ಕೊಂಡು ಮಲಗೋಕೆ ನನ್ನಿಂದಾಗಲ್ಲ. ನನ್ನ ಕಿಟಕಿ ಇಲ್ಲಿದೆ," ಎನ್ನುತ್ತಿದ್ದಳು. ಹಾಗಾಗಿ ಆ ಗಡಗಡ ಬಸ್ಸೇ ಅವಳ ಜೀವ ಹಿಡಿದುಕೊಂಡು ಹೋಗಿ ಬರುತ್ತಿತ್ತು.

ಒಂದು ದಿನ ಕಂಡಕ್ಟರು ಅಂಗಡಿಯ ಕಟ್ಟೆಯ ಮೇಲೆ ಕೂತು ಟೋಪಿಯನ್ನು ತಿರುಗಿಸುತ್ತ, "ಅಣ್ಣಾ, ಈ ಲೈನು ತೆಗೀತಾರಂತೆ," ಎಂದಿದ್ದ. "ಜನ ಇಲ್ಲ ಅಂತ ಆಫೀಸಲ್ಲಿ ಮಾತು. ಮುಂದಿನ ವಾರ ಪೂರ್ತಿ ಒಬ್ಬ ಎಣಿಸೋನು ಬಸ್ಸಲ್ಲೇ ಕೂತಿರ್ತಾನೆ. ಹತ್ತೋರ ತಲೆ ಎಣಿಸಿ ವರದಿ ಕೊಡ್ತಾನೆ."

"ಜನ ತಾನೇ ಬೇಕು?" ಎಂದಿದ್ದ ಸಾವಿರಣ್ಣ. "ಜನಕ್ಕೇನು ಬರ!"

ಬರವಿದ್ದದ್ದು ಜನಕ್ಕೇ. ಆದರೆ ಬಟ್ಟೆಗೆ ಬರವಿರಲಿಲ್ಲ. ಅವನ ಅಂಗಡಿಯ ಹಿಂಗೋಡೆಯ ಕಪಾಟಿನಲ್ಲಿ, ಹೊಲಿಯಲು ಕೊಟ್ಟು ಒಯ್ಯದೆ ಊರು ಬಿಟ್ಟವರ ಬಟ್ಟೆಗಳಿದ್ದವು. ಕಾರ್ಖಾನೆ ಮುಚ್ಚಿದ ವರ್ಷ ಎಲ್ಲರೂ ಅವಸರದಲ್ಲಿದ್ದರು. ಮದುವೆಯ ಕೋಟು, ಸಂದರ್ಶನದ ಪ್ಯಾಂಟು, ಅವಳಿಗಳ ಸಮವಸ್ತ್ರ, ಬಸುರಿಯ ಸಡಿಲ ಅಂಗಿ. ಪ್ರತಿಯೊಂದಕ್ಕೂ ಇಸ್ತ್ರಿ ಹಾಕಿ, ಚೀಟಿ ಸಿಕ್ಕಿಸಿ, ನುಸಿಗುಳಿಗೆ ಇಟ್ಟು ಅವನು ಕಾದಿದ್ದ. ಚೀಟಿಗಳೆಲ್ಲ ಎಂದೋ ಉದುರಿಹೋಗಿದ್ದವು. ಅಷ್ಟು ವರ್ಷ ಮಡಚಿಕೊಂಡು ಕೂತಿದ್ದ ಊರನ್ನು ಅವನು ಒಂದೇ ವಾರದಲ್ಲಿ ಹೊರಗೆಳೆದು ಕೊಡವಿದ. ಉಳಿದ ಮಂದಿಯೆಲ್ಲ ದಿನಕ್ಕೊಂದು ವೇಷ ತೊಟ್ಟು ಬಸ್ಸು ಹತ್ತಿದರು. ಬೆಳಿಗ್ಗೆ ಕೋಟಿನಲ್ಲಿ ಹೋದವನು ಪೇಟೆಯ ಚಹಾದಂಗಡಿಯ ಹಿಂದೆ ಬಟ್ಟೆ ಬದಲಿಸಿ, ಮಧ್ಯಾಹ್ನ ಸ್ವೆಟರಿನಲ್ಲಿ ಬಂದ. ಪೋಸ್ಟಿನಣ್ಣ ಒಂದೇ ದಿನದಲ್ಲಿ ವಕೀಲನೂ ಅಡುಗೆಯವನೂ ಆಗಿ, ಸಂಜೆಯ ಹೊತ್ತಿಗೆ ತಾನು ಯಾರೆಂಬುದನ್ನೇ ಮರೆತು ಬೇರೆ ಮನೆಯ ಬಾಗಿಲು ತಟ್ಟಿದನೆಂದು ಊರಿನಲ್ಲಿ ನಗೆ ಹುಟ್ಟಿತು. ಎಷ್ಟೋ ವರ್ಷದ ಮೇಲೆ ಆ ಬೀದಿಯಲ್ಲಿ ನಗೆ ಒಂದು ಮನೆಯಿಂದ ಇನ್ನೊಂದಕ್ಕೆ ದಾಟಿತ್ತು.

ಇವತ್ತು ಎಣಿಕೆಯ ಕೊನೆಯ ದಿನ. ಟೇಲರನ ಹೆಂಡತಿಯ ಆಸ್ಪತ್ರೆಯ ದಿನವೂ ಹೌದು.

ಬಸ್ಸು ಹತ್ತುವಾಗ ಎಣಿಸುವವನ ಕೈಯಲ್ಲಿದ್ದ ಪುಟ್ಟ ಯಂತ್ರ ಕಟಕ್ ಕಟಕ್ ಎಂದಿತು. ಮೀಸೆ ಇನ್ನೂ ಗಟ್ಟಿಯಾಗದ, ಕನ್ನಡಕದ, ಮರ್ಯಾದಸ್ಥ ಹುಡುಗ. ಹಸಿರು ಗೌನಿನ ದೊಡ್ಡಮ್ಮನಿಗೆ ಎದ್ದು ಜಾಗ ಬಿಟ್ಟುಕೊಟ್ಟ. ದೊಡ್ಡಮ್ಮ ಬಾಯಿ ಬಿಡದೆ, ಸಾಹುಕಾರರ ಹೆಂಡತಿಯ ಗತ್ತಿನಲ್ಲಿ ತಲೆಯಾಡಿಸಿ ಕೂತಳು. ಬಸ್ಸು ಹೊರಟಿತು. ಸೇತುವೆಯ ಬಳಿಯ ಮೊಣಕೈಯಂಥ ತಿರುವಿನಲ್ಲಿ ಎಲ್ಲರೂ ಎಡಕ್ಕೆ ವಾಲಿ, ಬಲಕ್ಕೆ ವಾಲಿ, ಮತ್ತೆ ನೆಟ್ಟಗಾದರು. ಪುಟ್ಟ ಬಸ್ಸು ಆ ತಿರುವಿನಲ್ಲಿ ಸೂಜಿಯ ಕಣ್ಣಿನಲ್ಲಿ ದಾರ ನುಸುಳಿದಂತೆ ನುಸುಳುತ್ತಿತ್ತು.

ಆಗ ದೊಡ್ಡಮ್ಮ ಮುಂದಿನ ಸೀಟಿನಲ್ಲಿದ್ದ ಕಮ್ಮಾರನ ಬೆನ್ನನ್ನೇ ದಿಟ್ಟಿಸುತ್ತಿದ್ದುದು ಟೇಲರಿಗೆ ಕಂಡಿತು. ಕಮ್ಮಾರ ಬೂದುಬಣ್ಣದ ಕೋಟು ತೊಟ್ಟಿದ್ದ. ಕಾಲರಿನ ಒಂದು ತುದಿ ಮೇಲೆದ್ದಿತ್ತು. ದೊಡ್ಡಮ್ಮ ಕೈ ಚಾಚಿ, ಆ ತುದಿಯನ್ನು ಮೆಲ್ಲಗೆ ಮಡಚಿ ಕೂರಿಸಿ, ಅಂಗೈಯಿಂದ ಒಮ್ಮೆ ಸವರಿದಳು. ಕಮ್ಮಾರ ತಿರುಗಿ ಅವಳ ಮುಖ ನೋಡಿ, ಕೋಟು ಸುಕ್ಕಾಗದಂತೆ ನೆಟ್ಟಗೆ ಕೂತ. ಅದು ಅವಳ ತಮ್ಮನ ಕೋಟು. ಕಾರ್ಖಾನೆಯ ಹುಡುಗರ ಜೊತೆ ಹೊರಟು, ಬಂದು ಒಯ್ಯುತ್ತೇನೆ ಎಂದು ಹೇಳಿ ಹೋದವನು. ಸಾವಿರ ಜನರ ಸಾವಿರ ಅಳತೆ ಬಾಯಿಪಾಠವಿದೆ ಎಂದು ಕೊಚ್ಚಿಕೊಳ್ಳುತ್ತಿದ್ದ ಟೇಲರಿಗೆ ಅದು ನೆನಪೇ ಆಗಿರಲಿಲ್ಲ.

"ಅಬ್ಬಾ!" ಎಂದ ಎಣಿಸುವವನು, ಯಂತ್ರವನ್ನು ನೋಡಿಕೊಳ್ಳುತ್ತ. "ಇಷ್ಟು ಚಿಕ್ಕ ಊರಲ್ಲಿ ಇಷ್ಟೊಂದು ಓಡಾಟ ಇದೆ ಅಂತ ನಾನು ಅಂದ್ಕೊಂಡಿರಲಿಲ್ಲ. ಈ ಬಸ್ಸು ನಿಲ್ಲಿಸೋ ಮಾತೇ ಇಲ್ಲ ಬಿಡಿ. ಹಾಗಂತಲೇ ಬರೀತೀನಿ."

ಅಲ್ಲಿಗೆ ಕೆಲಸ ಮುಗಿದಿತ್ತು. ಬೇರೆ ಯಾರಾದರೂ ಆಗಿದ್ದರೆ ಕೈಮುಗಿದು ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದರು. ಆದರೆ ಸಾವಿರಣ್ಣನಿಗೆ ಹೊಗಳಿಕೆಯ ಗಾಳಿ ಸೋಕಿತ್ತು.

"ಇದೇನು ಮಹಾ ಸ್ವಾಮಿ!" ಎಂದ. "ಇವತ್ತು ಅರ್ಧ ಊರು ಮನೇಲೇ ಮಲಗಿದೆ. ನೀವು ಸಂತೆ ದಿನ ಬರಬೇಕಿತ್ತು. ಬಾಗಿಲಿಗೆ ನೇತಾಡ್ತಾರೆ, ಟಾಪಿನ ಮೇಲೆ ಕೂರ್ತಾರೆ. ಸಾವಿರ ಜನ!"

ಹೆಂಡತಿ ಅವನ ತೋಳು ಜಗ್ಗಿದಳು. "ಹತ್ತು ಅಂತ ಬರ್ಕೊಳ್ಳಿ ಸ್ವಾಮಿ," ಎಂದು ನಗುತ್ತ ಎಣಿಸುವವನಿಗೆ ಹೇಳಿದಳು. ಅವಳ ದನಿ ಬಸ್ಸಿನ ಗಡಗಡದಲ್ಲಿ ಹುಡುಗನಿಗೆ ಕೇಳಿಸಲಿಲ್ಲ.

"ಈ ಬೆಂಕಿಪೊಟ್ಟಣ ನಮಗೆ ಯಾವ ಮೂಲೆಗೆ ಸಾಕಾಗುತ್ತೆ ಹೇಳಿ? ಉಸಿರು ಬಿಡೋಕೂ ಜಾಗ ಇಲ್ಲ. ನಮ್ಮೂರಿಗೆ ಬೇಕಾಗಿರೋದು ದೊಡ್ಡ ಬಸ್ಸು!"

"ಅಣ್ಣಾ, ಸಾಕು," ಎಂದ ಕಂಡಕ್ಟರು ಹಿಂದಿನಿಂದ, ಟಿಕೆಟ್ ಹರಿಯುತ್ತ. ಎಣಿಸುವವನು ಕನ್ನಡಕ ಸರಿಪಡಿಸಿಕೊಂಡು, ಗಂಭೀರವಾಗಿ ತಲೆಯಾಡಿಸಿದ. ಒಳ್ಳೆಯ ಹುಡುಗ. ಜನರ ಕಷ್ಟ ಅವನಿಗೆ ಅರ್ಥವಾಗಿತ್ತು.

ವರದಿ ಆಫೀಸು ಸೇರಿ ದೊಡ್ಡ ಬಸ್ಸು ಮಂಜೂರಾಯಿತು. ಅದು ಬರುವ ದಿನ ಊರೇ ಅಂಗಡಿಯ ಮುಂದೆ ನಿಂತಿತ್ತು. ಅಷ್ಟು ಹೊತ್ತಿಗೆ ಸಾವಿರಣ್ಣನ ಬಾಯಲ್ಲಿ ಅದು ಹಡಗಿನಷ್ಟು ಉದ್ದವಾಗಿ, ಒಳಗೆ ಮಲಗುವ ಕೋಣೆಗಳೂ ಸ್ನಾನದ ಮನೆಯೂ ಇರುವಂಥದ್ದಾಗಿತ್ತು. ಹೆಂಡತಿ ಸ್ಟೂಲಿನ ಮೇಲೆ ಕೂತು, "ಹಾಗಾದ್ರೆ ಇಸ್ತ್ರಿ ಪೆಟ್ಟಿಗೇನೂ ತಗೊಂಡು ಬನ್ನಿ, ದಾರೀಲಿ ಕೆಲಸ ಮುಗಿಸಬಹುದು," ಎಂದಳು.

ಹಾರ್ನು ಕೇಳಿಸಿತು. ಹೊಸ ಹಾರ್ನು, ನಯವಾಗಿ, ದಪ್ಪಗೆ. ಆದರೆ ಅದು ಸೇತುವೆಯ ಆಚೆಯಿಂದಲೇ ಬರುತ್ತಿತ್ತು, ಹತ್ತಿರವಾಗಲಿಲ್ಲ. ಎಲ್ಲರೂ ಓಡಿದರು. ಮೊಣಕೈಯಂಥ ತಿರುವಿನಲ್ಲಿ ಬಸ್ಸಿನ ಮೂತಿ ಈಚೆ ಬಂದಿತ್ತು, ಬಾಲ ಆಚೆಯೇ ಉಳಿದಿತ್ತು. ಡ್ರೈವರು ಹಿಂದೆ ತೆಗೆದ, ಮುಂದೆ ತಂದ, ಮತ್ತೆ ಹಿಂದೆ ತೆಗೆದ. ಕಮ್ಮಾರ ಬಲಕ್ಕೆ ಎಂದು ಕೂಗಿದರೆ ಪೋಸ್ಟಿನಣ್ಣ ಎಡಕ್ಕೆ ಎಂದು ಕೂಗಿದ. ಸೇತುವೆಯ ಕಲ್ಲಿಗೆ ತಾಗಿ ಪಕ್ಕದ ಕನ್ನಡಿ ಚೂರಾಗಿ ನೀರಿಗೆ ಬಿತ್ತು. ಆಮೇಲೆ ಬಸ್ಸು ಯಾರ ಮಾತೂ ಕೇಳದೆ, ಅಷ್ಟು ದೂರವೂ ಹಿಮ್ಮುಖವಾಗಿಯೇ ಹೋಗಿ ಮುಖ್ಯರಸ್ತೆ ಸೇರಿತು.

ಅಂದಿನಿಂದ ಅದು ಮುಖ್ಯರಸ್ತೆಯಲ್ಲೇ ನಿಂತಿತು. ಊರಿನಿಂದ ಅಲ್ಲಿಗೆ ಮೂರು ಮೈಲಿ.

ಟೇಲರು ಆಫೀಸಿಗೆ ಹೋದ. ಮೇಜಿನ ಹಿಂದಿನವರು ಬೈಯಲಿಲ್ಲ, ಮೆತ್ತಗೆ ಹೇಳಿದರು: "ನಿಮ್ಮೂರಿನ ದಟ್ಟಣೆ ನೋಡಿಯೇ ದೊಡ್ಡದು ಕೊಟ್ಟಿದ್ದು. ಚಿಕ್ಕದನ್ನ ಬೇರೆ ಕಡೆ ಹಾಕಿಬಿಟ್ಟಿದ್ದೇವೆ. ಅಷ್ಟು ಜನಕ್ಕೆ ಚಿಕ್ಕದು ಸಾಕಾಗಲ್ಲ ಅಂತ ನೀವೇ ಹೇಳಿದ್ದಿರಂತಲ್ಲ?" ಜೀವಮಾನದಲ್ಲಿ ಮೊದಲ ಸಲ ಸಾವಿರಣ್ಣ ನಿಜವಾದ ಲೆಕ್ಕ ಹೇಳಿದ. ಮನೆ ಮನೆ ಹಿಡಿದು, ಒಬ್ಬೊಬ್ಬರನ್ನೂ ಹೇಳಿದ. ಅವರು ನಕ್ಕು, "ಸೇತುವೆ ಅಗಲ ಮಾಡೋಕೆ ಬರೆದಿದ್ದೇವೆ, ಆಗುತ್ತೆ," ಎಂದರು.

ಮನೆಗೆ ಬಂದು ಅವನು ಊಟದ ಮುಂದೆ ಕೂತ. ಅನ್ನ ತಣ್ಣಗಾಯಿತು.

"ಬೈದುಬಿಡು," ಎಂದ.

"ಯಾಕೆ?"

"ಆ ಮಾತು ಆಡದೇ ಇದ್ದಿದ್ರೆ..."

"ನೀವು ಆಡದೇ ಇದ್ದಿದ್ರೆ, ಇವರಿಗೇನೋ ಮೈ ಸರಿಯಿಲ್ಲ ಅಂತ ನಾನು ನಿಮ್ಮನ್ನೇ ಆಸ್ಪತ್ರೆಗೆ ಸೇರಿಸ್ತಿದ್ದೆ," ಎಂದು ಅವಳು ತಟ್ಟೆಗೆ ಸಾರು ಬಡಿಸಿದಳು. "ಉಣ್ಣಿ."

ಅವನ ಬಳಿ ಇಸ್ತ್ರಿ ಮಾಡುವ ತಳ್ಳುಗಾಡಿ ಇತ್ತು. ಅದರ ಹಲಗೆಯ ಮೇಲೆ ಹಾಸಿಗೆ ಹಾಸಿ, ನಾಲ್ಕು ಮೂಲೆಗೂ ಕೋಲು ನಿಲ್ಲಿಸಿ, ಕಪಾಟಿನಲ್ಲಿ ಉಳಿದಿದ್ದ ಹಸಿರು ಗೌನನ್ನು ಬಿಚ್ಚಿ ಮೇಲ್ಚಾವಣಿ ಹೊಲಿದ. ಒಂದೇ ಗೌನು ಇಡೀ ಗಾಡಿಗೆ ಸಾಕಾಗಿ, ಅಂಚಿಗೆ ಝಾಲರಿಗೂ ಮಿಕ್ಕಿತು. "ಲೋಕದ ಯಾವ ಮಹಾರಾಣಿಯೂ ಇಂಥ ರಥ ಹತ್ತಿರಲಿಕ್ಕಿಲ್ಲ," ಎಂದ. "ಮಹಾರಾಣಿಯರ ರಥಕ್ಕೆ ಇದ್ದಿಲ ವಾಸನೆ ಇರ್ತಿರಲಿಲ್ಲ," ಎಂದಳು ಅವಳು. ಹೊಂಡ ತಪ್ಪಿಸಲು ಅವನು ದಾರಿಯುದ್ದಕ್ಕೂ ಗಾಡಿಯನ್ನು ಅತ್ತಿತ್ತ ಹೊರಳಿಸುತ್ತಿದ್ದ. ತಪ್ಪಿಸಲಾಗದ ಹೊಂಡ ಬಂದಾಗ ಅವಳು ತುಟಿ ಕಚ್ಚುತ್ತಿದ್ದಳು. ಅದನ್ನು ನೋಡಬಾರದೆಂದು ಅವನು ಸುಳ್ಳು ಸುಳ್ಳೇ ಕತೆ ಶುರು ಮಾಡುತ್ತಿದ್ದ. ಬರುವಾಗ ಅವಳು ಒದ್ದೆ ಬಟ್ಟೆಯಂತೆ ಕುಸಿದು ಮಲಗಿರುತ್ತಿದ್ದಳು. ಆಗ ಕತೆಯೂ ಇರುತ್ತಿರಲಿಲ್ಲ, ಚಕ್ರದ ಕಿರುಗುಟ್ಟುವಿಕೆ ಮಾತ್ರ. ಕಮ್ಮಾರ, ಪೋಸ್ಟಿನಣ್ಣ, ಒಬ್ಬರಾದ ಮೇಲೆ ಒಬ್ಬರು ಬಂದು ಗಾಡಿಗೆ ಕೈ ಹಚ್ಚಿದರು. ಆದರೆ ಅವರು ಬಂದಷ್ಟೂ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. "ಊರಿಗೆಲ್ಲ ನನ್ನನ್ನ ಎಳೆಯೋ ಕೆಲಸ ಆಯ್ತು," ಎಂದು ಗೋಡೆಗೆ ಹೇಳಿದಂತೆ ಹೇಳುತ್ತಿದ್ದಳು.

ಮಳೆ ಹಿಡಿಯಿತು. ದಾರಿಯ ಕೆಸರಿನಲ್ಲಿ ಗಾಡಿ ಅಚ್ಚಿನವರೆಗೆ ಹೂತು, ಒಂದು ಸಲ ಆಸ್ಪತ್ರೆ ತಪ್ಪಿತು. ಅವಳ ಕಾಲು, ಮುಖ, ರೆಪ್ಪೆ ಎಲ್ಲ ಊದಿಕೊಂಡವು. ರಾತ್ರಿ ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡಬೇಕಾಯಿತು.

ಮುಂದಿನ ಸಲದ ಬೆಳಿಗ್ಗೆ ಮಳೆ ನಿಂತು, ಬಿಸಿಲು ಬಿದ್ದಿತ್ತು. ಹೊರಡುವಾಗ ದೊಡ್ಡಮ್ಮ ತನ್ನ ಬಾಗಿಲಿನಿಂದ ಇಳಿದು ಬಂದಳು. ಎಣಿಕೆ ಮುಗಿದ ಮೇಲೆ ಆ ಬೂದು ಕೋಟನ್ನು ಅವಳು ಟೇಲರಿಂದ ಕೇಳಿ ಪಡೆದಿದ್ದಳು; ಈಗ ಅದನ್ನು ಟೇಲರನ ಹೆಂಡತಿಯ ಕಾಲಿನ ಮೇಲೆ ಹೊದಿಸಿ, ಸುತ್ತ ಒತ್ತಿದಳು.

"ಚಳಿ ಇದೆ ಕಣೇ."

"ನಿಮ್ಮ ತಮ್ಮ ಬಂದ್ರೆ, ದೊಡ್ಡಮ್ಮಾ?"

"ಬಂದ್ರೆ ನಿನ್ನ ಹತ್ರ ಇದೆ ಅಂತೀನಿ. ಹೂಂ, ಬೇಗ ಹೋಗಿ ಬಾ."

ಟೇಲರು ಅಂದು ಯಾರನ್ನೂ ಕರೆಯಲಿಲ್ಲ, ಒಬ್ಬನೇ ತಳ್ಳಿದ. ಸೇತುವೆಯ ಹೊತ್ತಿಗೆ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಅವಳ ಉಸಿರಿನಲ್ಲಿ ನೀರು ಕುದಿಯುವಂಥ ಸದ್ದಿತ್ತು.

"ಸ್ವಲ್ಪ ನಿಲ್ಸಿ," ಎಂದಳು.

"ಬಸ್ಸಿಗೆ ಹೊತ್ತಾಯ್ತು ಕಣೇ. ಇನ್ನೊಂದು ಚೂರು."

"ನಿಲ್ಸಿ ಅಂದೆ."

ಅವನು ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟ. ಸೇತುವೆಯ ಮೇಲಿನಿಂದ ಬಯಲಿನಾಚೆ ಮುಖ್ಯರಸ್ತೆಯ ದಿಣ್ಣೆ ಕಾಣುತ್ತಿತ್ತು. ಅದರ ಮೇಲೆ ದೊಡ್ಡ ಬಸ್ಸು ನಿಂತಿತ್ತು. ಹಾರ್ನು ಹೊಡೆಯಿತು. ಕಂಡಕ್ಟರು ಇವರಿಗಾಗಿಯೇ ನಿಲ್ಲಿಸಿಕೊಂಡಿದ್ದ. ಬಾಗಿಲಲ್ಲಿ ನಿಂತು ಬಿಸಿಲಿಗೆ ಕೈ ಅಡ್ಡ ಹಿಡಿದು ಈ ಕಡೆಯೇ ನೋಡುತ್ತಿದ್ದುದು ಚುಕ್ಕೆಯಷ್ಟು ಕಂಡಿತು. ಟೇಲರು ಎರಡೂ ಕೈ ಎತ್ತಿ ಬೀಸಿ, ಗಾಡಿಯ ಹಿಡಿಗೆ ಬಾಗಿದ.

ಅವಳು ಅವನ ಕೈಯ ಮೇಲೆ ಕೈಯಿಟ್ಟಳು. ಊದಿದ ಬೆರಳುಗಳು, ತಣ್ಣಗಿದ್ದವು.

"ಹೋಗ್ಲಿ ಬಿಡಿ."

"ಏನು ಹೋಗ್ಲಿ? ಹೋದ ಸಲಾನೂ ತಪ್ಪಿದೆ. ನರ್ಸಮ್ಮ ಏನು ಹೇಳಿದಾರೆ ಗೊತ್ತಾ?"

"ಗೊತ್ತು. ಬಾಗಿಲ ಆಚೆ ನಿಂತು ಹೇಳಿದ್ದು ನನಗೂ ಕೇಳ್ಸಿತ್ತು," ಎಂದಳು. ಎರಡು ಸಲ ಉಸಿರೆಳೆದುಕೊಂಡು, "ಬಿಸಿಲು ಚೆನ್ನಾಗಿದೆ. ನನ್ನ ಕಿಟಕಿಗೆ ಈಗ ಬಂದಿರುತ್ತೆ. ಮನೆಗೆ ಹೋಗೋಣ," ಎಂದಳು.

ಅವನು ಹಿಡಿಯನ್ನು ಹಿಡಿದುಕೊಂಡೇ ನಿಂತ. ಎತ್ತಿ ತಳ್ಳಬಹುದಿತ್ತು. ಅವಳ ಕೈ ಅವನ ಕೈಯ ಮೇಲೆ ಹಾಗೆಯೇ ಇತ್ತು. ಅದರಲ್ಲಿ ಭಾರವೇ ಇರಲಿಲ್ಲ. ಹಾರ್ನು ಇನ್ನೊಮ್ಮೆ ಹೊಡೆಯಿತು, ಉದ್ದಕ್ಕೆ. ಆಮೇಲೆ ಬಸ್ಸು ಹೊರಟಿತು. ದಿಣ್ಣೆಯ ಮೇಲೆ ಅದು ಸಾಗುವಾಗ, ಈ ಬದಿಯ ಕಿಟಕಿಗಳಿಂದ ಆ ಬದಿಯ ಕಿಟಕಿಗಳು, ಅವುಗಳಿಂದಾಚೆ ತೊಳೆದಿಟ್ಟಂಥ ಆಕಾಶ, ಒಂದು ತಲೆಯೂ ಅಡ್ಡ ಬಾರದೆ, ಒಂದೇ ಸಮನೆ ಕಾಣಿಸುತ್ತ ಹೋಯಿತು.

ಟೇಲರು ಗಲ್ಲ ಎತ್ತಿ ಬಸ್ಸಿನ ಕಡೆ ತೋರಿಸಿದ.

"ನೋಡಿದ್ಯಾ?" ಎಂದ. "ಎಷ್ಟು ಜನ! ಸಾವಿರ ಜನ ಇದಾರೆ."

ಅವಳು ಕಣ್ಣು ಕಿರಿದು ಮಾಡಿ, ಬಸ್ಸು ಮುಖ್ಯರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದಳು.

"ಹೌದು ರೀ," ಎಂದಳು. "ಸಾವಿರಕ್ಕಿಂತ ಜಾಸ್ತೀನೇ. ನಿಲ್ಲೋಕೂ ಜಾಗ ಇಲ್ಲ."

ಅವನು ಚಕ್ರದ ಕೆಳಗಿನ ಕಲ್ಲು ತೆಗೆದ. ಸೇತುವೆ ಕಿರಿದು, ಗಾಡಿಯನ್ನು ಊರಿನ ಕಡೆ ತಿರುಗಿಸಲು ಹಿಂದೆ ಮುಂದೆ ಸರಿಸಬೇಕಾಯಿತು. ಜಾರುತ್ತಿದ್ದ ಕೋಟನ್ನು ಅವಳ ಕಾಲಿನ ಮೇಲೆ ಸರಿಯಾಗಿ ಎಳೆದು ಹೊದಿಸಿದ. ಹಸಿರು ಝಾಲರಿ ಗಾಳಿಗೆ ಅಲುಗುತ್ತಿತ್ತು. ಹೊಂಡಗಳನ್ನು ತಪ್ಪಿಸುತ್ತ, ಮೆಲ್ಲಗೆ, ಅವನು ತಳ್ಳತೊಡಗಿದ.